ಉತ್ಸವದ ದಿನ ಮತ್ತು ಬಚ್ಚಿಟ್ಟ ಸಾಕ್ಷ್ಯ

1938ರ ಎಪ್ರಿಲ್ 20ರಂದು ಬರ್ಲಿನ್ ನಗರದ ಪ್ರಸಿದ್ಧ ಚಿತ್ರಮಂದಿರ ಊಫಾ ಪಲಾಸ್ಟ್‌ನಲ್ಲಿ ಒಂದು ಸಾಕ್ಷ್ಯಚಿತ್ರದ ಪ್ರಥಮ ಪ್ರದರ್ಶನ ನಡೆಯಿತು. ಅಂದು ಅಡಾಲ್ಫ್ ಹಿಟ್ಲರನ 49ನೆಯ ಜನ್ಮದಿನ. ಚಿತ್ರದ ಹೆಸರು 'ಒಲಿಂಪಿಯಾ'. ಎರಡು ವರ್ಷಗಳ ಹಿಂದೆ, 1936ರ ಆಗಸ್ಟ್ 1ರಿಂದ 16ರ ವರೆಗೆ ಅದೇ ನಗರದಲ್ಲಿ ನಡೆದ ಒಲಿಂಪಿಕ್ ಕ್ರೀಡಾಕೂಟವೇ ಅದರ ವಸ್ತು. 'ರಾಷ್ಟ್ರಗಳ ಉತ್ಸವ' ಮತ್ತು 'ಸೌಂದರ್ಯದ ಉತ್ಸವ' ಎಂಬ ಎರಡು ಭಾಗಗಳಲ್ಲಿ ಸುಮಾರು ಮೂರೂವರೆ ತಾಸು ಓಡುವ ಈ ಚಿತ್ರದ ನಿರ್ದೇಶಕಿ ಲೆನಿ ರೀಫೆನ್‌ಸ್ಟಾಲ್. ಅದೇ ವರ್ಷ ವೆನಿಸ್ ಚಿತ್ರೋತ್ಸವದಲ್ಲಿ ಅದಕ್ಕೆ ಮುಸೊಲಿನಿಯ ಹೆಸರಿನ ಪ್ರಶಸ್ತಿ ದೊರೆಯಿತು. ಕ್ರೀಡೆಯನ್ನು ಚಿತ್ರೀಕರಿಸುವ ವಿಧಾನವನ್ನೇ ಬದಲಿಸಿದ ಕೃತಿಯೆಂದು ಚಲನಚಿತ್ರದ ವಿದ್ಯಾರ್ಥಿಗಳು ಇಂದಿಗೂ ಅದನ್ನು ಅಭ್ಯಸಿಸುತ್ತಾರೆ.

ಇಂಥ ಚಿತ್ರಕ್ಕೆ ಕನ್ನಡದಲ್ಲಿ ಸಾಕ್ಷ್ಯಚಿತ್ರ ಎಂಬ ಅರ್ಥಪೂರ್ಣ ಹೆಸರಿದೆ. ಸಾಕ್ಷ್ಯವೆಂದರೆ ಶಹಾದತ್. ಇಸ್ಲಾಮೀ ನ್ಯಾಯಶಾಸ್ತ್ರದಲ್ಲಿ ಸಾಕ್ಷಿಗೆ ಸಂಬಂಧಿಸಿದ ಎರಡು ಅಪರಾಧಗಳಿವೆ. ಒಂದು, ಸುಳ್ಳು ಸಾಕ್ಷ್ಯ ನುಡಿಯುವುದು. ಎರಡನೆಯದು, ತಿಳಿದಿರುವ ಸಾಕ್ಷ್ಯವನ್ನು ಬಚ್ಚಿಡುವುದು. ಈ ಎರಡನೆಯದನ್ನು ಪವಿತ್ರ ಕುರ್‌ಆನಿನ ಅಲ್ ಬಕರಃ ಅಧ್ಯಾಯವು ಕೇವಲ ನಾಲಗೆಯ ದೋಷವೆಂದು ಬಿಟ್ಟುಬಿಡುವುದಿಲ್ಲ, ಹೃದಯದ ಪಾಪವೆಂದೇ ಪರಿಗಣಿಸುತ್ತದೆ. 'ಒಲಿಂಪಿಯಾ' ಚಿತ್ರದಲ್ಲಿ ಓಡಿದವರು ನಿಜವಾಗಿಯೂ ಓಡಿದ್ದರು, ಗೆದ್ದವರು ನಿಜವಾಗಿಯೂ ಗೆದ್ದಿದ್ದರು. ಹಾಗಿದ್ದೂ ಅದನ್ನು ಒಂದು ಕ್ರೂರ ಪ್ರಭುತ್ವದ ಪ್ರಚಾರಸಾಧನವೆಂದು ಇತಿಹಾಸಕಾರರು ಏಕೆ ಕರೆಯುತ್ತಾರೆ? ಈ ಪ್ರಶ್ನೆಗೆ ಉತ್ತರ ಹುಡುಕುವುದು ದಿನದ ಅರ್ಧಭಾಗವನ್ನು ಯಾವುದಾದರೊಂದು ಪರದೆಯ ಮುಂದೆ ಕಳೆಯುವ ನಮ್ಮ ಕುಟುಂಬಗಳಿಗೆ ತೀರ ಅಗತ್ಯವಾಗಿದೆ.

ಆತಿಥ್ಯದ ಮುಖವಾಡ

ಅಂತಾರಾಷ್ಟ್ರೀಯ ಒಲಿಂಪಿಕ್ ಸಮಿತಿಯು ಬರ್ಲಿನ್ ನಗರವನ್ನು ಆರಿಸಿದ್ದು 1931ರಲ್ಲಿ. ಆಗ ಜರ್ಮನಿಯು ಒಂದು ಗಣರಾಜ್ಯವಾಗಿತ್ತು. 1933ರ ಜನವರಿ 30ರಂದು ಹಿಟ್ಲರ್ ಅಧಿಕಾರಕ್ಕೆ ಬಂದ. ಅಂತಾರಾಷ್ಟ್ರೀಯ ಕ್ರೀಡಾಕೂಟದ ಬಗ್ಗೆ ಆರಂಭದಲ್ಲಿ ಅವನಿಗೆ ಆಸಕ್ತಿ ಇರಲಿಲ್ಲ. ಆದರೆ ಪ್ರಚಾರ ಸಚಿವ ಗೊಬೆಲ್ಸ್ ಇದರ ಲಾಭವನ್ನು ಬೇಗನೆ ಗ್ರಹಿಸಿದ. ಜಗತ್ತೇ ಮನೆಬಾಗಿಲಿಗೆ ಬರುವಾಗ ಮನೆಯನ್ನು ಹೇಗೆ ತೋರಿಸಬೇಕೆಂಬುದು ಅವನಿಗೆ ಚೆನ್ನಾಗಿ ತಿಳಿದಿತ್ತು. 1935ರ ಸೆಪ್ಟೆಂಬರ್‌ನಲ್ಲಿ ನ್ಯೂರೆಂಬರ್ಗ್ ಕಾನೂನುಗಳು ಜಾರಿಯಾಗಿ ಯಹೂದಿಯರು ಪೌರತ್ವದ ಹಕ್ಕುಗಳನ್ನು ಕಳೆದುಕೊಂಡರು. ಅಮೇರಿಕದಲ್ಲಿ ಬಹಿಷ್ಕಾರದ ಕೂಗು ಎದ್ದಿತು. ಆದರೆ ಅಲ್ಲಿಯ ಒಲಿಂಪಿಕ್ ಸಮಿತಿಯ ಮುಖ್ಯಸ್ಥ ಎವರಿ ಬ್ರಂಡೇಜ್ ಕ್ರೀಡೆಯಲ್ಲಿ ರಾಜಕೀಯ ಬೆರೆಸಬಾರದೆಂದು ವಾದಿಸಿದ. 1935ರ ಡಿಸೆಂಬರ್‌ನಲ್ಲಿ ಬಹಿಷ್ಕಾರದ ಪ್ರಸ್ತಾಪವು ಅತ್ಯಲ್ಪ ಮತಗಳ ಅಂತರದಿಂದ ಬಿದ್ದುಹೋಯಿತು. ಕ್ರೀಡೆಯಲ್ಲಿ ರಾಜಕೀಯ ಬೇಡವೆಂಬ ಆ ಮಾತೇ ಅಂದಿನ ಅತಿದೊಡ್ಡ ರಾಜಕೀಯವಾಗಿ ಪರಿಣಮಿಸಿತು.

ಕ್ರೀಡಾಕೂಟ ಹತ್ತಿರವಾದಂತೆ ಬರ್ಲಿನ್ ಬೀದಿಗಳಿಂದ ಯಹೂದಿ ವಿರೋಧಿ ಫಲಕಗಳು ಮಾಯವಾದವು. 'ಡೆರ್ ಸ್ಟರ್ಮರ್' ಎಂಬ ದ್ವೇಷಪತ್ರಿಕೆಯನ್ನು ಅಂಗಡಿಗಳ ಮುಂಭಾಗದಿಂದ ತೆಗೆಯಲಾಯಿತು. ಗ್ರೆಟೆಲ್ ಬರ್ಗ್‌ಮನ್ ಎಂಬ ಯಹೂದಿ ಯುವತಿಯು 1936ರ ಜೂನ್‌ನಲ್ಲಿ 1.60 ಮೀಟರ್ ಎತ್ತರ ಜಿಗಿದು ರಾಷ್ಟ್ರೀಯ ದಾಖಲೆಯನ್ನು ಸರಿಗಟ್ಟಿದ್ದಳು. ಬಹಿಷ್ಕಾರದ ಕೂಗನ್ನು ತಣಿಸಲು ಆಕೆಯ ಹೆಸರನ್ನು ಚೆನ್ನಾಗಿ ಬಳಸಿಕೊಳ್ಳಲಾಯಿತು. ಅಮೇರಿಕದ ತಂಡವನ್ನು ಹೊತ್ತ ಹಡಗು ನ್ಯೂಯಾರ್ಕ್ ಬಿಟ್ಟ ಮರುದಿನ, ಜುಲೈ 16ರಂದು, ಆಕೆಗೆ ಪತ್ರ ಬರೆಯಲಾಯಿತು: ಆಕೆಯ ಸಾಮರ್ಥ್ಯ ಸಾಲದು, ತಂಡದಲ್ಲಿ ಸ್ಥಾನವಿಲ್ಲ ಎಂಬುದು ಅದರ ತಾತ್ಪರ್ಯ.

ಅದೇ ಜುಲೈ 16ರಂದು ಬರ್ಲಿನ್ ಪೊಲೀಸರು ಇನ್ನೊಂದು ಕೆಲಸವನ್ನೂ ಮಾಡಿದರು. ನಗರದಲ್ಲಿದ್ದ ನೂರಾರು ಸಿಂಟಿ ಮತ್ತು ರೋಮಾ ಜನರನ್ನು, ಅಂದರೆ ಯುರೋಪಿನವರು ಜಿಪ್ಸಿಗಳೆಂದು ಹೀಯಾಳಿಸುತ್ತಿದ್ದ ಅಲೆಮಾರಿ ಕುಟುಂಬಗಳನ್ನು ಹಿಡಿದು ನಗರದ ಅಂಚಿನ ಮಾರ್ಜಾನ್ ಎಂಬಲ್ಲಿ ಕೂಡಿಹಾಕಿದರು. ಒಂದು ಕಡೆ ಕೊಳಚೆ ನೀರು ಹರಿಸುವ ಬಯಲು, ಮತ್ತೊಂದು ಕಡೆ ಸ್ಮಶಾನ. ಅತಿಥಿಗಳ ಕಣ್ಣಿಗೆ ಇವರು ಬೀಳಬಾರದಾಗಿತ್ತು. ಅದೇ ತಿಂಗಳು, ಬರ್ಲಿನ್ ನಗರದಿಂದ ಸುಮಾರು 35 ಕಿಲೋಮೀಟರ್ ದೂರದ ಒರಾನಿಯನ್‌ಬರ್ಗ್‌ನಲ್ಲಿ ಸಾಕ್ಸನ್‌ಹೌಸನ್ ಯಾತನಾ ಶಿಬಿರದ ನಿರ್ಮಾಣವೂ ಕೈದಿಗಳ ಕೈಯಿಂದಲೇ ಆರಂಭವಾಗಿತ್ತು. ಕ್ರೀಡಾಂಗಣದಲ್ಲಿ ಶಾಂತಿಯ ಪಾರಿವಾಳಗಳು ಹಾರುವ ಹೊತ್ತಿಗೆ ಇವೆಲ್ಲವೂ ಅಲ್ಲೇ ಹತ್ತಿರದಲ್ಲಿದ್ದವು. 'ಒಲಿಂಪಿಯಾ'ದಲ್ಲಿ ಮಾತ್ರ ಇದರ ನೆರಳೂ ಇಲ್ಲ.

ಕಲೆಯ ಹಿರಿಮೆ, ಹಣದ ಮೂಲ

ರೀಫೆನ್‌ಸ್ಟಾಲ್‌ಳ ಪ್ರತಿಭೆಯನ್ನು ನಿರಾಕರಿಸುವುದು ನ್ಯಾಯವಲ್ಲ. ಜಿಗಿಯುವವನನ್ನು ಆಕಾಶದ ಹಿನ್ನೆಲೆಯಲ್ಲಿ ಕಾಣಿಸಲು ಆಕೆ ಮೈದಾನದಲ್ಲಿ ಹೊಂಡಗಳನ್ನು ತೋಡಿಸಿ ಛಾಯಾಗ್ರಾಹಕರನ್ನು ಅವುಗಳೊಳಗೆ ಇಳಿಸಿದಳು. ಓಟಗಾರರ ಜೊತೆಗೆ ಚಲಿಸಲು ಕ್ಯಾಮರಾಗಳಿಗೆ ಹಳಿಗಳನ್ನು ಹಾಕಿಸಿದಳು. ಈಜುಗಾರರಿಗಾಗಿ ನೀರಿನೊಳಗೂ ಕ್ಯಾಮರಾ ಹೋಯಿತು. ಸುಮಾರು 4 ಲಕ್ಷ ಮೀಟರ್ ಉದ್ದದ ಫಿಲ್ಮ್ ಸಂಗ್ರಹವಾಯಿತು. ಅದನ್ನು ಜಾಲಾಡಿ, ಕತ್ತರಿಸಿ, ಜೋಡಿಸಲು ಒಂದೂವರೆ ವರ್ಷಕ್ಕೂ ಮಿಕ್ಕಿದ ಕಾಲ ಹಿಡಿಯಿತು. ಇಂದು ನಾವು ಟಿ.ವಿ.ಯಲ್ಲಿ ನೋಡುವ ಕ್ರೀಡಾಪ್ರಸಾರದ ಹಲವು ತಂತ್ರಗಳ ಬೇರು ಅಲ್ಲಿದೆ.

ಆದರೆ ಈ ಹಣ ಬಂದುದು ಎಲ್ಲಿಂದ? ಆಕೆ ತಾನು ಸ್ವತಂತ್ರ ನಿರ್ಮಾಪಕಿಯೆಂದು ಕೊನೆಯವರೆಗೂ ಹೇಳಿಕೊಂಡಳು. ದಾಖಲೆಗಳು ಬೇರೆಯೇ ಮಾತನ್ನು ಹೇಳುತ್ತವೆ. ಚಿತ್ರಕ್ಕೆ ಮಂಜೂರಾದ 15 ಲಕ್ಷ ರೈಶ್‌ಮಾರ್ಕ್ ಗೊಬೆಲ್ಸನ ಪ್ರಚಾರ ಸಚಿವಾಲಯದ ಹಣ. ಪ್ರಭುತ್ವವೇ ಇದರ ನಿರ್ಮಾಪಕನೆಂದು ಬಹಿರಂಗವಾಗಬಾರದೆಂಬ ಕಾರಣಕ್ಕೆ 'ಒಲಿಂಪಿಯಾ ಫಿಲ್ಮ್' ಎಂಬ ಹೆಸರಿನ ಕಂಪೆನಿಯೊಂದನ್ನು ಸ್ಥಾಪಿಸಲಾಯಿತು. ಅದು ಬರೇ ತೆರೆ. ತೆರೆಯ ಹಿಂದಿನ ಕೈ ಸರಕಾರದ್ದು. ಇದಕ್ಕೆ ಮುಂಚೆ ನಾಝಿ ಪಕ್ಷದ 1934ರ ನ್ಯೂರೆಂಬರ್ಗ್ ಅಧಿವೇಶನದ ಕುರಿತು 'ಸಂಕಲ್ಪದ ವಿಜಯ' ಎಂಬ ಚಿತ್ರ ಮಾಡಿ ಹಿಟ್ಲರನ ಮೆಚ್ಚುಗೆ ಗಳಿಸಿದವಳೂ ಇದೇ ನಿರ್ದೇಶಕಿ ಎಂಬುದನ್ನು ಮರೆಯಬಾರದು.

ಚಿತ್ರದ ಆರಂಭವನ್ನೇ ಗಮನಿಸಿರಿ. ಪ್ರಾಚೀನ ಗ್ರೀಸಿನ ಭಗ್ನಮಂದಿರಗಳು, ಮಂಜಿನ ನಡುವೆ ಅಮೃತಶಿಲೆಯ ಪ್ರತಿಮೆಗಳು ಕಾಣಿಸುತ್ತವೆ. ಚಕ್ರ ಎಸೆಯುವವನ ಶಿಲಾಪ್ರತಿಮೆಯು ಮೆಲ್ಲನೆ ಕರಗಿ ಜೀವಂತ ಕ್ರೀಡಾಪಟುವಾಗುತ್ತದೆ. ಆತ ಜರ್ಮನಿಯವನು. ಅನಂತರ ಜ್ಯೋತಿಯು ಗ್ರೀಸಿನಿಂದ ಹೊರಟು ಬರ್ಲಿನ್ ತಲುಪುತ್ತದೆ. ನೋಡುವವನ ಮನಸ್ಸಿನಲ್ಲಿ ಪ್ರಾಚೀನ ನಾಗರಿಕತೆಯ ವಾರಸುದಾರರು ಇವರೇ ಎಂಬ ಭಾವನೆಯು ಒಂದೂ ಮಾತಿಲ್ಲದೆ ಮೂಡುತ್ತದೆ. ಗ್ರೀಸಿನಿಂದ ಜ್ಯೋತಿ ತರುವ ಓಟವು ಪುರಾತನ ಸಂಪ್ರದಾಯವೆಂದು ನಮ್ಮಲ್ಲಿ ಬಹಳ ಮಂದಿ ಭಾವಿಸಿದ್ದಾರೆ. ಅದು ಆರಂಭವಾದುದೇ 1936ರಲ್ಲಿ, ಬರ್ಲಿನ್ ಕೂಟದ ಸಂಘಟಕ ಕಾರ್ಲ್ ಡೀಮ್‌ನ ಯೋಜನೆಯಂತೆ. ಹೊಸದಾಗಿ ಹುಟ್ಟಿಸಿದ್ದನ್ನು ಹಳೆಯದೆಂದು ನಂಬಿಸುವುದು ಪ್ರಚಾರದ ಬಹುಮುಖ್ಯ ಉಪಾಯ.

ಚಿತ್ರೀಕರಣದಲ್ಲಿಯೂ ಎಲ್ಲವೂ ನಡೆದಂತೆಯೇ ದಾಖಲಾಗಿಲ್ಲ. ಕೋಲು ಜಿಗಿತದ ಸ್ಪರ್ಧೆಯು ಕತ್ತಲಾಗುವವರೆಗೂ ಮುಂದುವರಿದು ಬೆಳಕು ಸಾಲದೇ ಹೋದಾಗ, ಮರುದಿನ ಸಂಜೆ ಸ್ಪರ್ಧಿಗಳನ್ನು ಕರೆಸಿ ಮತ್ತೊಮ್ಮೆ ಜಿಗಿಸಲಾಯಿತು. ಪ್ರೇಕ್ಷಕನು ಅದನ್ನು ಸ್ಪರ್ಧೆಯೆಂದೇ ತಿಳಿದು ನೋಡುತ್ತಾನೆ. ಆದರೂ ಇದು ಚಿತ್ರದ ಮುಖ್ಯ ಅಪರಾಧವಲ್ಲ.

ಓವೆನ್ಸ್ ಎಂಬ ಸಮರ್ಥನೆ

ರೀಫೆನ್‌ಸ್ಟಾಲ್‌ಳ ಸಮರ್ಥಕರು ಯಾವಾಗಲೂ ಮುಂದಿಡುವ ವಾದವೊಂದಿದೆ. ಕರಿಯ ಅಮೇರಿಕನ್ ಓಟಗಾರ ಜೆಸ್ಸಿ ಓವೆನ್ಸ್ ಬರ್ಲಿನ್‌ನಲ್ಲಿ ನಾಲ್ಕು ಚಿನ್ನದ ಪದಕಗಳನ್ನು ಗೆದ್ದರು. ಆರ್ಯ ಜನಾಂಗದ ಶ್ರೇಷ್ಠತೆಯನ್ನು ಸಾರುವ ಚಿತ್ರವಾಗಿದ್ದರೆ ಓವೆನ್ಸರನ್ನು ಅಷ್ಟು ಸುಂದರವಾಗಿ ತೋರಿಸಲು ಸಾಧ್ಯವಿತ್ತೇ ಎಂದು ಅವರು ಕೇಳುತ್ತಾರೆ. ಮೇಲ್ನೋಟಕ್ಕೆ ಈ ಪ್ರಶ್ನೆಗೆ ಉತ್ತರವಿಲ್ಲವೆನಿಸುತ್ತದೆ. ಆದರೆ ಆ ಚಿತ್ರದ ಉದ್ದೇಶವೇನೆಂದು ಯೋಚಿಸಿದರೆ ಉತ್ತರ ಸಿಗುತ್ತದೆ. ಒಳಗಿನ ಜನರಿಗೆ ದ್ವೇಷವನ್ನು ಉಣಿಸಲು ನಾಝಿಗಳ ಬಳಿ ಬೇರೆ ಪತ್ರಿಕೆಗಳು, ಬೇರೆ ಚಿತ್ರಗಳು ಸಾಕಷ್ಟಿದ್ದವು. 'ಒಲಿಂಪಿಯಾ'ಕ್ಕೆ ಜರ್ಮನ್ ಮಾತ್ರವಲ್ಲದೆ ಇಂಗ್ಲಿಷ್ ಮತ್ತು ಫ್ರೆಂಚ್ ಆವೃತ್ತಿಗಳೂ ಇದ್ದವು. ಹೊರಗಿನ ಜಗತ್ತಿಗೆ ಹೊಸ ಜರ್ಮನಿಯು ಶಾಂತ, ಉದಾರ, ಅತಿಥಿಸತ್ಕಾರಪ್ರಿಯ ದೇಶವೆಂದು ತೋರಿಸಬೇಕಾಗಿತ್ತು. ಆ ಕೆಲಸಕ್ಕೆ ಓವೆನ್ಸರ ನಗುಮುಖಕ್ಕಿಂತ ಉತ್ತಮ ಸಾಧನ ಇನ್ನೇನಿತ್ತು? ಜಾಣ ಪ್ರಚಾರಕನು ಸತ್ಯಕ್ಕೆ ಹೆದರುವುದಿಲ್ಲ. ತನಗೆ ಬೇಕಾದಷ್ಟು ಸತ್ಯವನ್ನು ಅಳೆದು ಬಳಸಿಕೊಳ್ಳುತ್ತಾನೆ.

ಇಲ್ಲಿ ಇನ್ನೊಂದು ಮಾತನ್ನೂ ಹೇಳಲೇಬೇಕು. ಹಿಟ್ಲರ್ ಓವೆನ್ಸರ ಕೈಕುಲುಕಲು ನಿರಾಕರಿಸಿ ಕ್ರೀಡಾಂಗಣ ಬಿಟ್ಟು ಹೋದನೆಂಬ ಕತೆಯು ನಮ್ಮ ಪಠ್ಯೇತರ ಪುಸ್ತಕಗಳಲ್ಲಿ, ಭಾಷಣಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ವಾಸ್ತವ ಬೇರೆ. ಮೊದಲ ದಿನ ಹಿಟ್ಲರ್ ಜರ್ಮನಿ ಮತ್ತು ಫಿನ್ಲೆಂಡ್‌ನ ವಿಜೇತರನ್ನು ಮಾತ್ರ ಅಭಿನಂದಿಸಿದ. ಆಗ ಒಲಿಂಪಿಕ್ ಸಮಿತಿಯ ಅಧ್ಯಕ್ಷರು ಅಭಿನಂದಿಸುವುದಾದರೆ ಎಲ್ಲರನ್ನೂ ಅಭಿನಂದಿಸಬೇಕು, ಇಲ್ಲವೇ ಯಾರನ್ನೂ ಅಭಿನಂದಿಸಬಾರದೆಂದು ತಿಳಿಸಿದರು. ಆತ ಎರಡನೆಯದನ್ನು ಆರಿಸಿಕೊಂಡ. ಓವೆನ್ಸ್ ಗೆಲ್ಲತೊಡಗಿದ್ದು ಅದರ ನಂತರ. ಇತ್ತ ತಾಯ್ನಾಡಿಗೆ ಮರಳಿದ ಓವೆನ್ಸರನ್ನು ಅಮೇರಿಕದ ಅಧ್ಯಕ್ಷ ರೂಸ್‌ವೆಲ್ಟ್ ಅಭಿನಂದಿಸಲಿಲ್ಲ. ನ್ಯೂಯಾರ್ಕ್‌ನ ಹೊಟೇಲೊಂದರಲ್ಲಿ ತನ್ನದೇ ಸನ್ಮಾನಕ್ಕೆ ಸರಕು ಸಾಗಿಸುವ ಲಿಫ್ಟ್‌ನಲ್ಲಿ ಅವರು ಹೋಗಬೇಕಾಯಿತು. ಸುದ್ದಿಯನ್ನು ಪರಿಶೀಲಿಸದೆ ಸ್ವೀಕರಿಸಬಾರದೆಂದು ಅಲ್ ಹುಜುರಾತ್ ಅಧ್ಯಾಯವು ನಮಗೆ ಆದೇಶಿಸಿದೆ. ಹಿಟ್ಲರನಂಥವನ ಬಗ್ಗೆ ಮಾತನಾಡುವಾಗಲೂ ಆ ಆದೇಶದಿಂದ ನಮಗೆ ವಿನಾಯಿತಿ ಇಲ್ಲ. ಅವನ ನಿಜವಾದ ಅಪರಾಧಗಳೇ ಬೆಟ್ಟದಷ್ಟಿರುವಾಗ ಕಟ್ಟುಕತೆಯ ಅಗತ್ಯವೂ ಇಲ್ಲ.

ಪರರ ಧ್ವಜದ ಅಡಿಯಲ್ಲಿ

ಚಿತ್ರದಲ್ಲಿ ಮ್ಯಾರಥಾನ್ ಓಟದ ಭಾಗವು ಬಹಳ ಪ್ರಸಿದ್ಧ. ಗೆದ್ದಾತನು ಜಪಾನಿನ ಕಿಟೆಯಿ ಸೋನ್ ಎಂದು ಅಲ್ಲಿ ದಾಖಲಾಗಿದೆ. ಆತನ ನಿಜವಾದ ಹೆಸರು ಸೋನ್ ಕೀ ಚುಂಗ್. ದೇಶ ಕೊರಿಯಾ. ಅಂದು ಕೊರಿಯಾವು ಜಪಾನಿನ ಗುಲಾಮಗಿರಿಯಲ್ಲಿತ್ತು. ವಿಜಯವೇದಿಕೆಯಲ್ಲಿ ಜಪಾನಿನ ಧ್ವಜ ಏರುತ್ತಿದ್ದಾಗ ಆತ ತಲೆ ತಗ್ಗಿಸಿ ನಿಂತ. ಬಹುಮಾನವಾಗಿ ಸಿಕ್ಕ ಓಕ್ ಸಸಿಯಿಂದ ಎದೆಯ ಮೇಲಿನ ಲಾಂಛನವನ್ನು ಮರೆಮಾಡಿಕೊಂಡ. ಕೊರಿಯಾದ 'ದೋಂಗಾ ಇಲ್ಬೊ' ಪತ್ರಿಕೆಯು ಆ ಛಾಯಾಚಿತ್ರದಿಂದ ಜಪಾನಿನ ಧ್ವಜವನ್ನು ಅಳಿಸಿ ಪ್ರಕಟಿಸಿತು. ಪತ್ರಕರ್ತರು ಜೈಲು ಸೇರಿದರು, ಪತ್ರಿಕೆ ತಿಂಗಳುಗಟ್ಟಲೆ ನಿಂತುಹೋಯಿತು. ವಸಾಹತುಶಾಹಿಯು ಒಬ್ಬ ಮನುಷ್ಯನ ಹೆಸರನ್ನೂ ದೇಶವನ್ನೂ ಕಸಿದುಕೊಂಡ ಕತೆ 'ಒಲಿಂಪಿಯಾ'ದ ಆ ಮನೋಹರ ದೃಶ್ಯಗಳಲ್ಲಿ ಎಲ್ಲಿಯೂ ಇಲ್ಲ. 1988ರಲ್ಲಿ ಸೋಲ್ ನಗರದಲ್ಲಿ ಒಲಿಂಪಿಕ್ಸ್ ನಡೆದಾಗ ವೃದ್ಧ ಸೋನ್ ತನ್ನ ಸ್ವತಂತ್ರ ದೇಶದ ಕ್ರೀಡಾಂಗಣಕ್ಕೆ ಜ್ಯೋತಿಯನ್ನು ಹಿಡಿದು ಓಡಿಬಂದರು.

ಬರ್ಲಿನ್‌ನಲ್ಲಿ ನಮ್ಮವರೂ ಪರರ ಧ್ವಜದ ಅಡಿಯಲ್ಲೇ ಆಡಿದರು. ಧ್ಯಾನ್‌ಚಂದ್ ನಾಯಕತ್ವದ ಹಾಕಿ ತಂಡ ಬ್ರಿಟಿಷ್ ಭಾರತದ ಹೆಸರಿನಲ್ಲಿ ಹೋಗಿತ್ತು. ಅಭ್ಯಾಸ ಪಂದ್ಯದಲ್ಲಿ ಜರ್ಮನಿಯ ಎದುರು ಸೋಲುಂಡ ಬಳಿಕ ಊರಿನಿಂದ ಅಲಿ ದಾರಾ ಅವರನ್ನು ಕರೆಸಿಕೊಳ್ಳಲಾಯಿತು. ಆಗಸ್ಟ್ 15ರಂದು ನಡೆದ ಅಂತಿಮ ಪಂದ್ಯಕ್ಕೆ ಮುಂಚೆ ಸಹಾಯಕ ಮ್ಯಾನೇಜರ್ ಪಂಕಜ್ ಗುಪ್ತಾ ತ್ರಿವರ್ಣ ಧ್ವಜವನ್ನು ಹೊರತೆಗೆದರು. ಆಟಗಾರರು ಉಡುಪು ಬದಲಿಸುವ ಕೋಣೆಯಲ್ಲಿ ಗುಟ್ಟಾಗಿ ಅದಕ್ಕೆ ವಂದಿಸಿ ಮೈದಾನಕ್ಕಿಳಿದರು. ಭಾರತ 8-1 ಗೋಲುಗಳಿಂದ ಗೆದ್ದಿತು. ಆ ತಂಡದಲ್ಲಿ ಹಿಂದೂಗಳೂ ಮುಸ್ಲಿಮರೂ ಆಂಗ್ಲೋ ಇಂಡಿಯನ್ನರೂ ಇದ್ದರು. ಅದಾಗಿ ಸರಿಯಾಗಿ ಹನ್ನೊಂದು ವರ್ಷಗಳಿಗೆ, ಅದೇ ದಿನಾಂಕದಂದು ದೇಶ ಸ್ವತಂತ್ರವಾಯಿತು. ಬಾಗಿಲು ಮುಚ್ಚಿದ ಆ ಕೋಣೆಯೊಳಗೆ ಯಾವ ಕ್ಯಾಮರಾವೂ ಇರಲಿಲ್ಲ. ಆ ಕೂಟದ ಅತ್ಯಂತ ಅರ್ಥಪೂರ್ಣ ಕ್ಷಣಗಳಲ್ಲಿ ಒಂದು ಅಲ್ಲಿ ನಡೆದಿತ್ತು.

ಚೌಕಟ್ಟಿನೊಳಗೆ ಬಂದವರು

ಮಾರ್ಜಾನ್ ಶಿಬಿರದ ಜನರಿಗೆ ಏನಾಯಿತು? ಇದನ್ನು ತಿಳಿದವರಿಗೆ ಕಲೆ ಬೇರೆ, ನೀತಿ ಬೇರೆ ಎಂಬ ವಾದದಲ್ಲಿ ನಂಬಿಕೆ ಉಳಿಯದು. ಯುದ್ಧಕಾಲದಲ್ಲಿ ರೀಫೆನ್‌ಸ್ಟಾಲ್ 'ಟೀಫ್‌ಲಾಂಡ್' ಎಂಬ ಕಥಾಚಿತ್ರವನ್ನು ತಯಾರಿಸುತ್ತಿದ್ದಳು. ಅದರ ಕತೆಗೆ ಸ್ಪೇನಿನ ಹಳ್ಳಿಗರಂತೆ ಕಾಣುವ ಜನ ಬೇಕಾಗಿದ್ದರು. ಸಾಲ್ಜ್‌ಬರ್ಗ್ ಬಳಿಯ ಮಾಕ್ಸ್‌ಗ್ಲಾನ್ ಶಿಬಿರದಿಂದಲೂ ಬರ್ಲಿನ್‌ನ ಇದೇ ಮಾರ್ಜಾನ್ ಶಿಬಿರದಿಂದಲೂ ಸಿಂಟಿ ಮತ್ತು ರೋಮಾ ಕೈದಿಗಳನ್ನು, ಮಕ್ಕಳನ್ನೂ ಸೇರಿಸಿ, ಕರೆತರಲಾಯಿತು. 1936ರಲ್ಲಿ ಅತಿಥಿಗಳ ಕಣ್ಣಿಗೆ ಬೀಳಬಾರದೆಂದು ಅಡಗಿಸಲ್ಪಟ್ಟವರು ಈಗ ಆಕೆಯ ಕ್ಯಾಮರಾದ ಮುಂದೆ ನಿಂತರು. ಚಿತ್ರೀಕರಣ ಮುಗಿದ ಮೇಲೆ ಅವರು ಮರಳಿ ಹೋದದ್ದು ಶಿಬಿರಕ್ಕೇ. ಅವರಲ್ಲಿ ಅನೇಕರನ್ನು ಅನಂತರ ಔಷ್ವಿಟ್ಜ್‌ಗೆ ಸಾಗಿಸಲಾಯಿತು. ಅವರಿಗೆ ಯಾರಿಗೂ ಏನೂ ಆಗಲಿಲ್ಲ, ಯುದ್ಧದ ನಂತರ ಎಲ್ಲರನ್ನೂ ತಾನು ಕಂಡಿದ್ದೇನೆ ಎಂದು ಆಕೆ 2002ರಲ್ಲಿಯೂ ಹೇಳಿದಳು. ರೋಮಾ ಸಂಘಟನೆಯು ಕಾನೂನಿನ ಮೊರೆ ಹೋದಾಗ ಆ ಮಾತನ್ನು ಹಿಂತೆಗೆದುಕೊಳ್ಳಬೇಕಾಯಿತು. ಆಗ ಆಕೆ ನೂರರ ಹೊಸ್ತಿಲಲ್ಲಿದ್ದಳು.

ಈ ಸಂದರ್ಭದಲ್ಲಿ ನಮ್ಮ ಮನೆಯೊಳಗಿನ ಒಂದು ರೋಗದ ಕುರಿತೂ ಮಾತನಾಡುವುದು ಅನಿವಾರ್ಯ. ಫೆಲೆಸ್ತೀನಿನ ಮೇಲಾಗುತ್ತಿರುವ ದೌರ್ಜನ್ಯದಿಂದ ನೊಂದ ನಮ್ಮ ಕೆಲವು ಯುವಕರು ಹಿಟ್ಲರನ ಬಗ್ಗೆ ಒಳಗೊಳಗೇ ಮೆಚ್ಚುಗೆಯ ಮಾತುಗಳನ್ನಾಡುವುದುಂಟು. ಇದಕ್ಕಿಂತ ದೊಡ್ಡ ಅಜ್ಞಾನ ಬೇರೊಂದಿಲ್ಲ. ಒಂದು ಜನತೆಯ ಮೇಲಿನ ಸಿಟ್ಟು ನಮ್ಮನ್ನು ನ್ಯಾಯದಿಂದ ವಿಮುಖಗೊಳಿಸಬಾರದೆಂಬುದು ಅಲ್ ಮಾಇದಃ ಅಧ್ಯಾಯದ ಸ್ಪಷ್ಟ ಬೋಧನೆ. ಗ್ರೆಟೆಲ್ ಬರ್ಗ್‌ಮನ್‌ಳಿಗೆ ಆದ ಅನ್ಯಾಯಕ್ಕೂ ಗಾಝಾದ ಮಗುವಿನ ಕಣ್ಣೀರಿಗೂ ಒಂದೇ ತಕ್ಕಡಿ ಇರಬೇಕು. ಯಹೂದಿಯರ ಮೇಲೆ ಜರ್ಮನಿಯಲ್ಲಿ ನಡೆದ ಕ್ರೌರ್ಯವನ್ನು ಹಗುರಗೊಳಿಸಿ ಫೆಲೆಸ್ತೀನಿಗೆ ನ್ಯಾಯ ಕೇಳುವವನು ಸ್ವತಃ ತನ್ನ ವಾದದ ಬುಡವನ್ನೇ ಕಡಿಯುತ್ತಾನೆ. ಅಲ್ಪಸಂಖ್ಯಾತರನ್ನು ಉತ್ಸವದ ದಿನದಂದು ಕಣ್ಮರೆಗೊಳಿಸುವ ಪ್ರಭುತ್ವವನ್ನು ಮೆಚ್ಚುವ ಅಧಿಕಾರ ಯಾರಿಗಿದ್ದರೂ ನಮಗಂತೂ ಇಲ್ಲ.

ಫಿರ್‌ಔನನ ಉತ್ಸವ

ಹಝ್ರತ್ ಮೂಸಾ(ಅ) ಮತ್ತು ಫಿರ್‌ಔನನ ಮುಖಾಮುಖಿಯನ್ನು ಕುರ್‌ಆನ್ ಹಲವು ಕಡೆ ವಿವರಿಸಿದೆ. ತ್ವಾಹಾ ಅಧ್ಯಾಯದ ಪ್ರಕಾರ ಆ ಸ್ಪರ್ಧೆಗೆ ಗೊತ್ತುಪಡಿಸಲಾದ ದಿನಕ್ಕೆ ಯೌಮುಝ್ಝೀನಃ ಎಂಬ ಹೆಸರಿತ್ತು. ಅಂದರೆ ಅಲಂಕಾರದ ದಿನ, ಉತ್ಸವದ ದಿನ. ಹಗಲು ಹೊತ್ತಿನಲ್ಲಿ ಜನಸ್ತೋಮ ನೆರೆದಿತ್ತು. ಜಾದೂಗಾರರು ಎಸೆದ ಹಗ್ಗಗಳು ಹಾವುಗಳಾಗಿರಲಿಲ್ಲ, ಹಾಗೆ ಕಾಣುತ್ತಿದ್ದವು. ಅವರು ಬದಲಿಸಿದ್ದು ವಸ್ತುಗಳನ್ನಲ್ಲ, ನೋಡುವ ಕಣ್ಣುಗಳನ್ನು. ಸ್ಪರ್ಧೆಗಿಂತ ಮುಂಚೆ ಅವರು ಫಿರ್‌ಔನನ ಬಳಿ ಪ್ರತಿಫಲದ ಕುರಿತು ವಿಚಾರಿಸಿದ್ದರು. ಪ್ರತಿಫಲ ಮಾತ್ರವಲ್ಲ, ತನ್ನ ಆಪ್ತರ ಸಾಲಿನಲ್ಲಿ ಸ್ಥಾನವೂ ಉಂಟೆಂದು ಆತ ಆಶ್ವಾಸನೆ ನೀಡಿದ್ದ. ಉತ್ಸವ, ಜನಸ್ತೋಮ, ಕಣ್ಕಟ್ಟು, ಆಳುವವನ ಸಾಮೀಪ್ಯ: 1936ರ ಬರ್ಲಿನ್‌ನಲ್ಲಿ ಇವುಗಳಲ್ಲಿ ಯಾವುದು ಇರಲಿಲ್ಲ?

ಆದರೆ ಹೋಲಿಕೆ ಇಲ್ಲಿಗೆ ನಿಲ್ಲುತ್ತದೆ. ಸತ್ಯ ಎದುರಾದಾಗ ಆ ಜಾದೂಗಾರರು ಸಾಷ್ಟಾಂಗವೆರಗಿದರು. ಕೈಕಾಲು ಕಡಿಸುವ, ಶಿಲುಬೆಗೇರಿಸುವ ಬೆದರಿಕೆಗೂ ಅವರು ಬಗ್ಗಲಿಲ್ಲ. ತಮ್ಮ ಕಲೆಯ ಒಳಗುಟ್ಟನ್ನು ಬಲ್ಲವರಾದುದರಿಂದಲೇ ಸತ್ಯವನ್ನು ಎಲ್ಲರಿಗಿಂತ ಮೊದಲು ಗುರುತಿಸಿದವರೂ ಅವರೇ. ರೀಫೆನ್‌ಸ್ಟಾಲ್‌ಳ ಮುಂದೆ ಅಂಥ ಬೆದರಿಕೆ ಇರಲಿಲ್ಲ. ಯುದ್ಧಾನಂತರದ ವಿಚಾರಣೆಗಳಲ್ಲಿ ನಾಝಿ ಆಡಳಿತದ ಬೆಂಬಲಿಗಳೆಂದಷ್ಟೇ ವರ್ಗೀಕರಿಸಲ್ಪಟ್ಟು ಆಕೆ ಪಾರಾದಳು. 2003ರ ಸೆಪ್ಟೆಂಬರ್ 8ರಂದು, ತನ್ನ 101ನೆಯ ವಯಸ್ಸಿನಲ್ಲಿ ಮರಣ ಹೊಂದುವವರೆಗೆ ಪಶ್ಚಾತ್ತಾಪಕ್ಕೆ ಆಕೆಗೆ 58 ವರ್ಷಗಳ ಅವಕಾಶವಿತ್ತು. ತಾನು ಕಲಾವಿದೆ ಮಾತ್ರ, ತನಗೇನೂ ತಿಳಿದಿರಲಿಲ್ಲ ಎಂಬ ಮಾತನ್ನು ಆಕೆ ಬಿಡಲಿಲ್ಲ. ಆಕೆಯ ಖಾಸಗಿ ಕಡತಗಳನ್ನು ಆಧರಿಸಿ ಆಂದ್ರೆಸ್ ವೈಯೆಲ್ ನಿರ್ಮಿಸಿದ ಸಾಕ್ಷ್ಯಚಿತ್ರವು 2024ರಲ್ಲಿ ವೆನಿಸ್‌ನಲ್ಲಿಯೇ ಪ್ರದರ್ಶಿತವಾಗಿ, ಆ ಮಾತಿನ ಪೊಳ್ಳುತನವನ್ನು ಮತ್ತೊಮ್ಮೆ ಚರ್ಚೆಗೆ ತಂದಿತು. ಮುಸೊಲಿನಿಯ ಹೆಸರಿನ ಪ್ರಶಸ್ತಿ ಕೊಟ್ಟ ಊರಿನಲ್ಲಿಯೇ 86 ವರ್ಷಗಳ ಬಳಿಕ ಕ್ಯಾಮರಾವೇ ಕ್ಯಾಮರಾದ ವಿರುದ್ಧ ಸಾಕ್ಷಿಯಾಯಿತು.

ಕ್ಯಾಮರಾದ ತಪ್ಪಲ್ಲ

ಹಾಗಾದರೆ ತಪ್ಪು ಕ್ಯಾಮರಾದ್ದೇ? ಅಲ್ಲವೆಂಬುದಕ್ಕೆ ಇನ್ನೊಂದು ಒಲಿಂಪಿಕ್ ಚಿತ್ರವೇ ಪುರಾವೆ. 1964ರ ಟೋಕಿಯೊ ಕೂಟದ ಕುರಿತು ಕೋನ್ ಇಚಿಕಾವಾ 1965ರಲ್ಲಿ 'ಟೋಕಿಯೊ ಒಲಿಂಪಿಯಾಡ್' ಚಿತ್ರವನ್ನು ನಿರ್ಮಿಸಿದರು. ಅದಕ್ಕೂ ಸರಕಾರದ ಬೆಂಬಲವಿತ್ತು. ದೇಶದ ಹಿರಿಮೆಯನ್ನು ಕಾಣಿಸಬೇಕೆಂಬ ಅಪೇಕ್ಷೆಯೂ ಇತ್ತು. ಆದರೆ ಇಚಿಕಾವಾ ಗೆದ್ದವರಷ್ಟೇ ಸೋತವರನ್ನೂ ನೋಡಿದರು. ಬಸವಳಿದ ಓಟಗಾರರ ಪಾದಗಳನ್ನು, ಮಳೆಯಲ್ಲಿ ಕೊಡೆ ಹಿಡಿದ ಪ್ರೇಕ್ಷಕರನ್ನು ಅವರ ಕ್ಯಾಮರಾ ಹಿಂಬಾಲಿಸಿತು. ಆಫ್ರಿಕದಲ್ಲಿ 1960ರಲ್ಲಷ್ಟೇ ಸ್ವತಂತ್ರವಾಗಿದ್ದ ಚಾಡ್ ದೇಶದಿಂದ ಬಂದ ಅಹ್ಮದ್ ಈಸಾ ಎಂಬ ಯುವಕನಿಗೆ ಆ ಚಿತ್ರದಲ್ಲಿ ಒಂದು ಇಡೀ ಅಧ್ಯಾಯವೇ ಮೀಸಲಾಗಿದೆ. ಆತ 800 ಮೀಟರ್ ಓಟದ ಸೆಮಿಫೈನಲ್‌ವರೆಗೆ ಬಂದು ಸೋತ. ಜನಸಂದಣಿಯ ನಡುವೆ ಒಂಟಿಯಾಗಿ ಊಟಕ್ಕೆ ಕುಳಿತ ಆತನನ್ನು ಕಂಡಾಗ ಪರದೇಶದಲ್ಲಿ ದುಡಿಯುವ ನಮ್ಮದೇ ಮನೆಯ ಮಗ ನೆನಪಾಗುತ್ತಾನೆ. ಸಂಘಟಕರಿಗೆ ಈ ಚಿತ್ರ ಹಿಡಿಸಲಿಲ್ಲ, ಅವರು ಅದನ್ನು ಬೇರೆ ರೀತಿ ಸಂಕಲಿಸಿದ ಆವೃತ್ತಿಯನ್ನೂ ತಂದರು. ಉಳಿದದ್ದು ಮಾತ್ರ ಇಚಿಕಾವಾರ ಚಿತ್ರವೇ. ಒಂದೇ ಯಂತ್ರ, ಒಂದೇ ವಸ್ತು. ಒಬ್ಬಳು ಅಧಿಕಾರಕ್ಕೆ ನಮಿಸಿದಳು, ಇನ್ನೊಬ್ಬರು ಮನುಷ್ಯನನ್ನು ಗೌರವಿಸಿದರು.

ಕ್ರೀಡೆಯ ಸಂಭ್ರಮವನ್ನು ತೆರೆಯಾಗಿ ಬಳಸುವ ಪದ್ಧತಿ ಬರ್ಲಿನ್‌ನೊಂದಿಗೆ ಕೊನೆಗೊಳ್ಳಲಿಲ್ಲ. 1978ರ ವಿಶ್ವಕಪ್ ಫುಟ್ಬಾಲ್ ಅರ್ಜೆಂಟೀನಾದಲ್ಲಿ ಸೇನಾಡಳಿತದ ಅಡಿಯಲ್ಲಿ ನಡೆಯಿತು. ಅಂತಿಮ ಪಂದ್ಯದ ಮೈದಾನಕ್ಕೆ ಸಮೀಪದಲ್ಲಿಯೇ ಇದ್ದ ನೌಕಾಪಡೆಯ ಶಾಲೆಯೊಂದು ಆಗ ಬಂಧಿತರನ್ನು ಹಿಂಸಿಸುವ ಕೇಂದ್ರವಾಗಿತ್ತು. ಇನ್ನು 2022ರಲ್ಲಿ ಕತಾರ್‌ನಲ್ಲಿ ವಿಶ್ವಕಪ್ ನಡೆದಾಗ ನಮ್ಮ ಮನೆಗಳಲ್ಲಿ ಹಬ್ಬದ ವಾತಾವರಣವಿತ್ತು. ಮೊರೊಕ್ಕೊ ತಂಡ ಸೆಮಿಫೈನಲ್ ತಲುಪಿದಾಗ ಹಿಗ್ಗದವರಿಲ್ಲ. ಆ ಹಿಗ್ಗು ತಪ್ಪಲ್ಲ. ಪಾಶ್ಚಾತ್ಯ ಮಾಧ್ಯಮಗಳ ಟೀಕೆಯಲ್ಲಿ ಇಬ್ಬಗೆಯ ನೀತಿ ಇದ್ದುದೂ ನಿಜ. ಆದರೆ ಆ ಮೈದಾನಗಳನ್ನು ಬಿರುಬಿಸಿಲಿನಲ್ಲಿ ಕಟ್ಟಿದವರು ಭಾರತ, ನೇಪಾಳ, ಬಾಂಗ್ಲಾದೇಶದ ಕೂಲಿಕಾರರು. ಅವರ ವೇತನ, ವಸತಿ, ಜೀವಸುರಕ್ಷೆಯ ಪ್ರಶ್ನೆಯನ್ನು ಮೊದಲು ಎತ್ತಬೇಕಾಗಿದ್ದವರು ನಾವೇ ಅಲ್ಲವೇ? ಸ್ವತಃ ನಮಗೂ ನಮ್ಮ ಬಂಧುಗಳಿಗೂ ವಿರುದ್ಧವಾದರೂ ನ್ಯಾಯದ ಸಾಕ್ಷಿಗಳಾಗಿ ನಿಲ್ಲಬೇಕೆಂಬ ಅನ್ನಿಸಾ ಅಧ್ಯಾಯದ ಆದೇಶವು ಮುಸ್ಲಿಮ್ ಆಡಳಿತಗಾರರ ಉತ್ಸವಗಳಿಗೆ ಅನ್ವಯಿಸದೆಂದು ಯಾರೂ ಹೇಳಲಾರರು.

ನಮ್ಮ ಸಮುದಾಯದಲ್ಲಿ ದೃಶ್ಯಮಾಧ್ಯಮದ ಕುರಿತು ಎರಡು ನಿಲುವುಗಳಿವೆ. ಕೆಲವರು ಪರದೆಯನ್ನು ಮನೆಯೊಳಗೆ ತರಲೇಬಾರದೆಂದು ಫರ್ಮಾನು ಹೊರಡಿಸುತ್ತಾರೆ. ಅವರ ಮನೆಯ ಮಗನ ಜೇಬಿನಲ್ಲಿಯೇ ಪರದೆ ಇದೆಯೆಂಬುದು ಅವರಿಗೆ ತಿಳಿಯದು. ಇನ್ನು ಕೆಲವರು ಕಂಡದ್ದನ್ನೆಲ್ಲ ನಂಬಿ, ನಂಬಿದ್ದನ್ನೆಲ್ಲ ಇತರರಿಗೆ ರವಾನಿಸುತ್ತಾರೆ. ಎರಡರಿಂದಲೂ ನಷ್ಟ ನಮಗೇ. ಹದೀಸ್ ವಿದ್ವಾಂಸರು ಒಂದು ಮಾತನ್ನು ಒಪ್ಪುವ ಮುನ್ನ ಅದು ಯಾರಿಂದ ಬಂತು, ಅವನು ಯಾರಿಂದ ಕೇಳಿದ, ನಡುವೆ ಯಾವ ಕೊಂಡಿ ಕಳಚಿದೆ ಎಂದು ಶತಮಾನಗಳ ಕಾಲ ತನಿಖೆ ನಡೆಸಿದರು. ಅಂಥ ಪರಂಪರೆಯ ಮಕ್ಕಳು ಒಂದು ವೀಡಿಯೊವನ್ನು ನೋಡಿ ಹೀಗೆ ಕೇಳಲು ಕಲಿಯಬಾರದೇ: ಇದನ್ನು ತೆಗೆದವರು ಯಾರು? ಹಣ ಯಾರದು? ಯಾವ ಸಂದರ್ಭದ್ದು? ಇಲ್ಲಿ ಯಾರು ಕಾಣಿಸುತ್ತಿಲ್ಲ?

ನಮ್ಮ ಮದ್ರಸಗಳ ಮೇಲಿನ ತರಗತಿಗಳಲ್ಲಿ, ಸಮುದಾಯದ ವಿದ್ಯಾಸಂಸ್ಥೆಗಳಲ್ಲಿ ವಾರಕ್ಕೊಂದು ತಾಸು ಈ ವಿದ್ಯೆಗೆ ಮೀಸಲಿಡಲು ದೊಡ್ಡ ಖರ್ಚೇನೂ ಬೇಕಾಗಿಲ್ಲ. ಮನೆಯಲ್ಲಿ ತಂದೆ ತಾಯಿ ಮಕ್ಕಳ ಪಕ್ಕದಲ್ಲಿ ಕುಳಿತು ಪಂದ್ಯ ನೋಡಲಿ, ಕೊನೆಗೆ ಐದು ನಿಮಿಷ ಆ ಬಗ್ಗೆ ಮಾತನಾಡಲಿ. ಆಸಕ್ತಿಯುಳ್ಳ ಯುವಕ ಯುವತಿಯರು ಕ್ಯಾಮರಾ ಹಿಡಿಯುವುದನ್ನೂ ಸಂಕಲನವನ್ನೂ ಕ್ರಮಬದ್ಧವಾಗಿ ಕಲಿಯಲಿ. ವೈದ್ಯ, ಇಂಜಿನಿಯರ್ ಆಗುವುದಷ್ಟೇ ಯಶಸ್ಸೆಂಬ ಭ್ರಮೆಯಿಂದ ಹೆತ್ತವರು ಹೊರಬರಲಿ. ತಮ್ಮ ಕತೆಯನ್ನು ತಾವೇ ಹೇಳಲು ಕಲಿಯದ ಸಮುದಾಯದ ಕತೆಯನ್ನು ಇತರರು ತಮಗೆ ಬೇಕಾದಂತೆ ಹೇಳುತ್ತಾರೆ. ಆದರೆ ಹಾಗೆ ಕಲಿತವರು ನಾಳೆ ಯಾವ ಪಕ್ಷದ, ಯಾವ ನಾಯಕನ, ಯಾವ ಸಂಘಟನೆಯ ಸಂಭ್ರಮವನ್ನು ಚಿತ್ರೀಕರಿಸುವಾಗಲೂ, ಅದು ನಮ್ಮದೇ ಸಮ್ಮೇಳನವಾಗಿದ್ದರೂ ಸರಿ, ವೇದಿಕೆಗೆ ಬೆನ್ನು ಹಾಕಿ ಒಮ್ಮೆ ಮೈದಾನದ ಹೊರಗೂ ನೋಡಬೇಕು. ಅಲ್ಲಿ ಒಂದು ಮಾರ್ಜಾನ್ ಇದೆಯೇ ಎಂದು ನೋಡಿ, ಇದ್ದರೆ ಅದನ್ನೂ ದಾಖಲಿಸಬೇಕು. ನಾಳೆ ಅಲ್ಲಾಹನ ನ್ಯಾಯಾಲಯದಲ್ಲಿ ಕೈಗಳೂ ಕಾಲುಗಳೂ ಮಾತನಾಡಲಿವೆಯೆಂದು ನಂಬಿದ ನಾವು, ಕಂಡದ್ದನ್ನು ಬಚ್ಚಿಟ್ಟ ಕಣ್ಣುಗಳ ಪರವಾಗಿ ಅಲ್ಲಿ ಏನು ಉತ್ತರ ಕೊಡಲು ಸಾಧ್ಯ?